ಕಿರುಗಿಳಿಯ ಕಾಡಿನಲ್ಲಿ ಸಲೀಂ ಅಲಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸುತ್ತಿನ ಹೊಲಗದ್ದೆಗಳಲ್ಲಿ ಗಿಳಿಯನ್ನು ಅರಿಯದವರು ಯಾರೂ ಇಲ್ಲ. ಜೋಳದ ತೆನೆಯಲ್ಲಿ ಹಾಲುಗಾಳು ಮೂಡುವ ಹೊತ್ತಿಗೆ ಗಿಳಿಗಳ ಹಿಂಡು ಕೀಚುಗುಟ್ಟುತ್ತ ಬಂದಿಳಿಯುತ್ತದೆ. ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸುವ ರೈತನಿಗೆ ಅದು ಬೆಳೆಗಳ್ಳ. ಜಗಲಿಯ ಪಂಜರದೊಳಗೆ ಕುಳಿತು ಹಸಿಮೆಣಸಿನಕಾಯಿಯನ್ನು ಕಚ್ಚುತ್ತಿದ್ದ ಗಿಳಿ ಒಂದು ಕಾಲದಲ್ಲಿ ಮನೆಯ ಮಕ್ಕಳಿಗೆ ಮುದ್ದಿನ ವಸ್ತುವಾಗಿತ್ತು. ಕವಿಗಳಿಗಾದರೋ ಅದು ಅರಗಿಳಿ. ಹೀಗೆ ಒಂದೇ ಹಕ್ಕಿ ಮನುಷ್ಯನ ಕಣ್ಣಿಗೆ ಕಳ್ಳನಾಗಿ, ಆಟಿಕೆಯಾಗಿ, ಅಲಂಕಾರವಾಗಿ ಕಂಡಿದೆ. ಆದರೆ ಗಿಳಿಯು ತನ್ನಷ್ಟಕ್ಕೆ ತಾನು ಎಂತಹ ಜೀವಿ? ಅದು ಎಲ್ಲಿ ಗೂಡು ಕಟ್ಟುತ್ತದೆ, ಯಾವ ಮರದ ಹೂವನ್ನು ಅರಸಿ ಹೋಗುತ್ತದೆ, ಬ್ಯಾಡಗಿಯ ಮೆಣಸಿನ ಖಾರ ಅದರ ನಾಲಗೆಗೆ ಏಕೆ ತಟ್ಟುವುದಿಲ್ಲ? ಇಂತಹ ಪ್ರಶ್ನೆಗಳನ್ನು ಕೇಳಿದವರು ವಿರಳ. ಅವುಗಳ ಉತ್ತರವನ್ನು ಕಾಡಿನಲ್ಲಿಯೇ ಹುಡುಕಬೇಕೆಂದು ಹೊರಟವರು ಇನ್ನೂ ವಿರಳ.

ಹಾವೇರಿಯು ಯಾಲಕ್ಕಿಯ ಹಾರಕ್ಕೆ ಹೆಸರಾದ ಊರು. ಆದರೆ ಯಾಲಕ್ಕಿ ಈ ಬಯಲಿನ ಬೆಳೆಯಲ್ಲ. ಅದು ಪಶ್ಚಿಮದ ಮಲೆನಾಡಿನಲ್ಲಿ, ಎತ್ತರದ ಮರಗಳ ತಂಪಾದ ನೆರಳಿನಲ್ಲಿ ಬೆಳೆದು, ಘಟ್ಟದ ದಾರಿ ಹಿಡಿದು ಹಾವೇರಿಯ ಪೇಟೆಗೆ ಬರುತ್ತಿತ್ತು. ಆ ಯಾಲಕ್ಕಿಗೆ ನೆರಳಾದ ಮರಗಳ ನೆತ್ತಿಯಲ್ಲಿ ಮತ್ತೊಂದು ಗಿಳಿ ವಾಸಿಸುತ್ತದೆ. ಬಯಲು ಸೀಮೆಯವರು ಅದನ್ನು ಕಂಡಿರುವುದು ಅಪರೂಪ. ಗಾತ್ರದಲ್ಲಿ ಅದು ಗುಬ್ಬಿಗಿಂತ ಹೆಚ್ಚು ದೊಡ್ಡದಲ್ಲ. ಕೊಕ್ಕಿನಿಂದ ಬಾಲದವರೆಗೆ ಅಳೆದರೆ ಸುಮಾರು 14 ಸೆಂಟಿಮೀಟರು. ಮೈಯೆಲ್ಲ ಎಳೆಯ ಎಲೆಯ ಹಸುರು, ಕೊಕ್ಕು ಕೆಂಪು, ಬೆನ್ನಿನ ಕೆಳಭಾಗದಲ್ಲಿ ಕಡುಗೆಂಪಿನ ಒಂದು ಪಟ್ಟೆ. ಗಂಡಿನ ಕೊರಳಿನಲ್ಲಿ ನೀಲಿಯ ಸಣ್ಣ ಮಚ್ಚೆ. ಬಯಲಿನ ಗಿಳಿಗಿರುವ ಉದ್ದನೆಯ ಬಾಲ ಇದಕ್ಕಿಲ್ಲ. ಇರುಳಾದೊಡನೆ ಇದು ಬಾವಲಿಯಂತೆ ಕೊಂಬೆಗೆ ತಲೆಕೆಳಗಾಗಿ ಜೋತುಬಿದ್ದು ನಿದ್ರಿಸುತ್ತದೆ. ಈ ಪುಟ್ಟ ಹಕ್ಕಿಯನ್ನು ಕಿರುಗಿಳಿ ಎಂದು ಕರೆದರೆ ತಪ್ಪಾಗಲಾರದು.

ಎಲೆಗಳ ನಡುವೆ ಎಲೆಯಾಗಿ ಅಡಗುವ ಈ ಕಿರುಗಿಳಿಯ ಬದುಕು ಇಂದು ನಮಗೆ ತಕ್ಕಮಟ್ಟಿಗೆ ತಿಳಿದಿದೆ. ಹೆಣ್ಣುಹಕ್ಕಿಯು ಹಸುರೆಲೆಯನ್ನು ಸಣ್ಣ ಸೀಳುಗಳಾಗಿ ಕತ್ತರಿಸಿ, ಅವನ್ನು ಕೊಕ್ಕಿನಲ್ಲಿ ಹಿಡಿಯದೆ ತನ್ನ ಬೆನ್ನಿನ ಗರಿಗಳ ನಡುವೆ ಸಿಕ್ಕಿಸಿಕೊಂಡು ಮರದ ಪೊಟರೆಯ ಗೂಡಿಗೆ ಸಾಗಿಸುತ್ತದೆ ಎಂಬುದು ತಿಳಿದಿದೆ. ಅದು ಅತ್ತಿ ಆಲಗಳ ಹಣ್ಣನ್ನೂ ಹೂವಿನ ಮಕರಂದವನ್ನೂ ತಿಂದು ಜೀವಿಸುತ್ತದೆ ಎಂಬುದು ತಿಳಿದಿದೆ. ಇದೆಲ್ಲವೂ ತಾನಾಗಿ ತಿಳಿದ ಸಂಗತಿಯಲ್ಲ. ಯಾರೋ ಮರದ ಬುಡದಲ್ಲಿ ಗಂಟೆಗಟ್ಟಲೆ ನಿಂತು, ಕತ್ತು ನೋಯುವವರೆಗೆ ಮೇಲೆ ನೋಡಿ, ಕಂಡದ್ದನ್ನು ಕಂಡಂತೆ ಬರೆದಿಟ್ಟರು. ಹೀಗೆ ಭಾರತದ ಹಕ್ಕಿಗಳನ್ನು ನೋಡಿ ಬರೆಯುವುದಕ್ಕೆ ತಮ್ಮ ಆಯುಷ್ಯವನ್ನೇ ಮುಡಿಪಾಗಿಟ್ಟವರಲ್ಲಿ ಅಗ್ರಗಣ್ಯರು ಸಲೀಂ ಅಲಿ.

ಸಲೀಂ ಅಲಿಯವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಒಂಬತ್ತು ಮಕ್ಕಳ ತುಂಬು ಸಂಸಾರದಲ್ಲಿ ಅವರೇ ಕೊನೆಯವರು. ವರ್ಷ ತುಂಬುವಷ್ಟರಲ್ಲಿ ತಂದೆಯನ್ನೂ ಮೂರು ವರ್ಷ ತುಂಬುವಷ್ಟರಲ್ಲಿ ತಾಯಿಯನ್ನೂ ಕಳೆದುಕೊಂಡ ಮಗುವನ್ನು ಸೋದರಮಾವ ಅಮೀರುದ್ದೀನ್ ತಯ್ಯಬ್‍ಜಿಯವರೂ ಅವರ ಪತ್ನಿ ಹಮೀದಾ ಬೇಗಮರೂ ಸಾಕಿದರು. ಮಕ್ಕಳಿಲ್ಲದ ಆ ದಂಪತಿಗಳು ಮುಂಬಯಿಯ ಖೇತವಾಡಿಯ ತಮ್ಮ ಮನೆಯಲ್ಲಿ ತಬ್ಬಲಿ ಮಕ್ಕಳಿಗೆ ಯಾವ ಕೊರತೆಯೂ ಆಗದಂತೆ ನೋಡಿಕೊಂಡರು. ಅಮೀರುದ್ದೀನರಿಗೆ ಬೇಟೆಯ ಹವ್ಯಾಸವಿತ್ತು. ಆ ಕಾಲದ ಅನುಕೂಲವಂತರ ಮನೆಗಳಲ್ಲಿ ಬೇಟೆಯು ಗೌರವದ ವಿನೋದವೆನಿಸಿತ್ತು. ಹುಡುಗ ಸಲೀಮನ ಕೈಗೂ ಒಂದು ಗಾಳಿಬಂದೂಕು ಬಂತು. ಮುಂದೆ ಹಕ್ಕಿಗಳ ರಕ್ಷಕನಾಗಿ ಜಗತ್ತಿಗೆ ಪರಿಚಿತನಾದವನ ಬಾಲ್ಯ ಆರಂಭವಾದುದು ಹಕ್ಕಿಗಳನ್ನು ಹೊಡೆಯುವುದರಿಂದ ಎಂಬುದನ್ನು ಮರೆಮಾಚಬೇಕಾಗಿಲ್ಲ. ಅವರೂ ಅದನ್ನು ಮರೆಮಾಚಲಿಲ್ಲ.

ಮನೆಯ ಕುದುರೆಲಾಯದ ಗೋಡೆಯ ರಂಧ್ರದಲ್ಲಿ ಒಂದು ಗುಬ್ಬಿ ಗೂಡು ಕಟ್ಟಿತ್ತು. ಹೆಣ್ಣುಗುಬ್ಬಿ ಒಳಗೆ ಮೊಟ್ಟೆಗಳ ಮೇಲೆ ಕುಳಿತಿದ್ದರೆ, ಗಂಡು ಹೊರಗಿನ ಗೂಟದ ಮೇಲೆ ಕಾವಲಿರುತ್ತಿತ್ತು. ಬಾಲಕನು ಮರೆಯಲ್ಲಿ ನಿಂತು ಗಂಡನ್ನು ಹೊಡೆದುರುಳಿಸಿದ. ಸ್ವಲ್ಪ ಹೊತ್ತಿನಲ್ಲಿಯೇ ಹೆಣ್ಣುಗುಬ್ಬಿ ಮತ್ತೊಂದು ಗಂಡನ್ನು ಜೊತೆಮಾಡಿಕೊಂಡಿತು. ಅದೂ ಅದೇ ಗೂಟದ ಮೇಲೆ ಕಾವಲಿಗೆ ಕುಳಿತಿತು. ಹೀಗೆ ಏಳು ದಿನಗಳಲ್ಲಿ ಎಂಟು ಗಂಡುಗುಬ್ಬಿಗಳು ಬಂದೂಕಿಗೆ ಬಲಿಯಾದವು. ಇದು ಬಾಲಿಶವಾದ ಕ್ರೌರ್ಯವೇ ಹೌದು. ಆದರೆ ಆ ಹುಡುಗ ಹೊಡೆದ ಗುಬ್ಬಿಗಳ ಲೆಕ್ಕವಿಟ್ಟುದಷ್ಟೇ ಅಲ್ಲ, ಒಂದು ಸತ್ತರೆ ಮತ್ತೊಂದು ಹೇಗೆ ಬಂದು ಆ ಸ್ಥಾನವನ್ನು ತುಂಬಿತೆಂಬುದನ್ನೂ ಬರೆದಿಟ್ಟಿದ್ದ. ಹತ್ತಾರು ವರ್ಷಗಳ ತರುವಾಯ ಆ ಎಳೆಯ ಕೈಬರಹದ ಟಿಪ್ಪಣಿ ಪಕ್ಷಿವೀಕ್ಷಕರ ಪತ್ರಿಕೆಯೊಂದರಲ್ಲಿ ಅಚ್ಚಾಗುವ ಯೋಗ್ಯತೆಯನ್ನು ಪಡೆಯಿತು. ಬಂದೂಕು ಹಿಡಿದ ಕೈಯಲ್ಲಿಯೇ ಲೇಖನಿಯೂ ಇತ್ತು. ಮುಂದಿನ ಎಂಟು ದಶಕಗಳಲ್ಲಿ ಲೇಖನಿಯ ಕೈ ಮೇಲಾಯಿತು.

ಆ ತಿರುವಿಗೆ ಕಾರಣವಾದುದೂ ಒಂದು ಗುಬ್ಬಿಯೇ. ಒಂದು ದಿನ ಹೊಡೆದುರುಳಿಸಿದ ಗುಬ್ಬಿಯ ಕೊರಳಿನಲ್ಲಿ ಹಳದಿಯ ಮಚ್ಚೆ ಕಂಡಿತು. ಸಾಮಾನ್ಯ ಗುಬ್ಬಿಗೆ ಹೀಗಿರುವುದಿಲ್ಲ. ಇದು ಯಾವ ಹಕ್ಕಿ, ಧರ್ಮದ ಪ್ರಕಾರ ತಿನ್ನಲು ಯೋಗ್ಯವೇ ಎಂಬ ಸಂಶಯದಿಂದ ಬಾಲಕ ಅದನ್ನು ಮಾವನ ಬಳಿಗೆ ಒಯ್ದ. ಅವರಿಗೂ ಅದರ ಗುರುತು ಹತ್ತಲಿಲ್ಲ. ಅವರು ಹುಡುಗನನ್ನು 1883ರಲ್ಲಿ ಸ್ಥಾಪನೆಯಾಗಿದ್ದ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಕಾರ್ಯದರ್ಶಿ ಮಿಲ್ಲರ್ಡ್ ಎಂಬವರ ಬಳಿಗೆ ಕಳಿಸಿದರು. ಪರಕೀಯ ಅಧಿಕಾರಿಗಳೆಂದರೆ ಜನ ಅಂಜುತ್ತಿದ್ದ ಕಾಲ ಅದು. ಕಾಗದದಲ್ಲಿ ಸುತ್ತಿದ ಸತ್ತ ಹಕ್ಕಿಯನ್ನು ಹಿಡಿದು ಅಳುಕುತ್ತ ಒಳಗೆ ಹೋದ ಬಾಲಕನನ್ನು ಮಿಲ್ಲರ್ಡರು ಆದರದಿಂದ ಬರಮಾಡಿಕೊಂಡರು. ಅದು ಹಳದಿ ಕೊರಳಿನ ಗುಬ್ಬಿ ಎಂದು ತಿಳಿಸಿ, ಖಾನೆಗಳನ್ನು ಒಂದೊಂದಾಗಿ ಎಳೆದು, ಚರ್ಮ ಸುಲಿದು ಹತ್ತಿ ತುಂಬಿ ಜೋಡಿಸಿಟ್ಟಿದ್ದ ನೂರಾರು ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕಗಳನ್ನು ಕೊಟ್ಟರು. ಆ ದಿನದವರೆಗೆ ಹಕ್ಕಿ ಎಂದರೆ ಗುರಿ ಅಥವಾ ಆಹಾರ ಎಂದು ತಿಳಿದಿದ್ದ ಹುಡುಗನಿಗೆ, ಪ್ರತಿಯೊಂದು ಹಕ್ಕಿಗೂ ಅದರದೇ ಆದ ಹೆಸರು, ನೆಲೆ, ನಡವಳಿಕೆಗಳಿವೆ ಎಂಬ ಅರಿವು ಮೂಡಿತು.

ಅರಿವು ಮೂಡಿದ ಮಾತ್ರಕ್ಕೆ ದಾರಿ ಸುಗಮವಾಗಲಿಲ್ಲ. ಸಲೀಮರು ಶಾಲೆಯಲ್ಲಿ ಮೇಲ್ಪಂಕ್ತಿಯ ವಿದ್ಯಾರ್ಥಿಯಾಗಿರಲಿಲ್ಲ. 1913ರಲ್ಲಿ ಮೆಟ್ರಿಕ್ಯುಲೇಶನ್ ಪರೀಕ್ಷೆಯನ್ನು ಕಷ್ಟಪಟ್ಟು ಮುಗಿಸಿದರು. ಕಾಲೇಜಿನ ಗಣಿತ ಅವರನ್ನು ಕಂಗೆಡಿಸಿತು. ವ್ಯಾಸಂಗವನ್ನು ಬಿಟ್ಟು, ಕುಟುಂಬದವರ ಗಣಿ ಮತ್ತು ಮರದ ವ್ಯಾಪಾರವನ್ನು ನೋಡಿಕೊಳ್ಳಲು ಬರ್ಮಾದ ಟವಾಯ್ ಎಂಬಲ್ಲಿಗೆ ತೆರಳಿದರು. ವ್ಯಾಪಾರದಲ್ಲಿ ಅವರಿಗೆ ಲಾಭವಾಗಲಿಲ್ಲ. ಆದರೆ ಟವಾಯಿಯ ಸುತ್ತಲಿನ ದಟ್ಟ ಮಳೆಕಾಡುಗಳು ಅವರಿಗೆ ಪಾಠಶಾಲೆಯಾದವು. ನಮ್ಮ ಮಲೆನಾಡಿನ ಕಿರುಗಿಳಿಯು ಬರ್ಮಾದ ಆ ಕಾಡುಗಳ ನಿವಾಸಿಯೂ ಹೌದೆಂಬುದು ಗಮನಾರ್ಹ. ನಡುವೆ ಮುಂಬಯಿಗೆ ಬಂದು ವಾಣಿಜ್ಯ ಶಿಕ್ಷಣದ ಜೊತೆಗೆ ಪ್ರಾಣಿಶಾಸ್ತ್ರವನ್ನೂ ಅಭ್ಯಸಿಸಿದರು. 1918ರಲ್ಲಿ ತೆಹಮೀನಾ ಎಂಬವರೊಡನೆ ಅವರ ವಿವಾಹವಾಯಿತು. ತೆಹಮೀನಾ ಸುಖವಾಗಿ ಬೆಳೆದವರು, ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮಾಡಿದವರು. ಆದರೂ ಪತಿಯ ಹುಚ್ಚನ್ನು ಅರಿತು, ಅದಕ್ಕೆ ಆಸರೆಯಾಗಿ ನಿಂತರು.

ಬರ್ಮಾದ ವ್ಯಾಪಾರ ಮುಳುಗಿದಾಗ ಸಲೀಂ ಅಲಿಯವರು ಬರಿಗೈಯಲ್ಲಿ ಹಿಂತಿರುಗಿದರು. ಪ್ರಾಣಿಶಾಸ್ತ್ರದ ಸರಕಾರಿ ಇಲಾಖೆಯಲ್ಲಿ ಪಕ್ಷಿತಜ್ಞನ ಹುದ್ದೆಯೊಂದಿತ್ತು. ಆದರೆ ವಿಶ್ವವಿದ್ಯಾಲಯದ ಪದವಿಯಿಲ್ಲದ ಕಾರಣ ಅದು ಅವರಿಗೆ ದೊರೆಯಲಿಲ್ಲ. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದ ನಿಸರ್ಗ ವಿಭಾಗದಲ್ಲಿ ವಿವರಣಕಾರರಾಗಿ ಕೆಲಸಕ್ಕೆ ಸೇರಿ, ಎರಡು ವರ್ಷಗಳ ನಂತರ ರಜೆಯ ಮೇಲೆ ಜರ್ಮನಿಗೆ ಹೋದರು. ಬರ್ಲಿನ್ನಿನಲ್ಲಿ ಎರ್ವಿನ್ ಸ್ಟ್ರೆಸೆಮನ್ ಎಂಬ ಪ್ರಸಿದ್ಧ ವಿಜ್ಞಾನಿಯ ಬಳಿ ಪಕ್ಷಿಶಾಸ್ತ್ರದ ಕ್ರಮಬದ್ಧ ಶಿಕ್ಷಣವನ್ನು ಪಡೆದರು. ಸತ್ತ ಹಕ್ಕಿಗೆ ಹೆಸರಿಡುವುದರಲ್ಲಿ ಪಕ್ಷಿಶಾಸ್ತ್ರ ಮುಗಿಯುವುದಿಲ್ಲ, ಬದುಕಿರುವ ಹಕ್ಕಿಯನ್ನು ಅದರ ನೆಲೆಯಲ್ಲಿ ಅರಿಯುವುದೇ ಮುಖ್ಯ ಎಂಬ ದೃಷ್ಟಿ ಅಲ್ಲಿ ಗಟ್ಟಿಯಾಯಿತು. 1930ರಲ್ಲಿ ಅವರು ಮರಳಿ ಬಂದಾಗ, ಹಣದ ಅಭಾವದಿಂದ ಅವರ ಹುದ್ದೆಯನ್ನೇ ರದ್ದುಪಡಿಸಲಾಗಿತ್ತು.

ಕೆಲಸವಿಲ್ಲದ ಆ ದಿನಗಳಲ್ಲಿ ದಂಪತಿಗಳು ಮುಂಬಯಿಗೆ ಸಮೀಪದ ಕಡಲತೀರದ ಹಳ್ಳಿಯಾದ ಕಿಹೀಮಿನಲ್ಲಿ ನೆಲೆಸಿದರು. ಮನೆಯ ಹತ್ತಿರ ಗೀಜಗನ ಹಕ್ಕಿಗಳ ಗೂಡುಗಳು ಜೋತಾಡುತ್ತಿದ್ದವು. ಬೇರೆಯವರಾಗಿದ್ದರೆ ತಮ್ಮ ದುರದೃಷ್ಟವನ್ನು ಹಳಿಯುತ್ತ ಕುಳಿತಿರುತ್ತಿದ್ದರು. ಸಲೀಂ ಅಲಿಯವರು ಏಣಿಯೊಂದನ್ನು ನಿಲ್ಲಿಸಿ, ಮರೆಕಟ್ಟಿಕೊಂಡು, ದಿನವೂ ಆ ಗೂಡುಗಳನ್ನು ನೋಡುತ್ತ ಕುಳಿತರು. ಗೂಡು ನೇಯುವುದು ಗಂಡು, ಹೆಣ್ಣು ಬಂದು ಅರ್ಧ ಕಟ್ಟಿದ ಗೂಡನ್ನು ಪರೀಕ್ಷಿಸಿ ಮೆಚ್ಚಿದರೆ ಮಾತ್ರ ಅಲ್ಲಿ ಸಂಸಾರ ಹೂಡುತ್ತದೆ, ಅನಂತರ ಗಂಡು ಮತ್ತೊಂದು ಗೂಡನ್ನು ಕಟ್ಟಲು ಆರಂಭಿಸಿ ಮತ್ತೊಂದು ಹೆಣ್ಣನ್ನು ಕರೆಯುತ್ತದೆ ಎಂಬ ಸಂಗತಿಯನ್ನು ಅವರು ಪತ್ತೆಹಚ್ಚಿದರು. ನಮ್ಮ ಬಾವಿಯ ಮೇಲಿನ ಜಾಲಿಯಲ್ಲಿ, ಹಳ್ಳದ ದಂಡೆಯ ಈಚಲಿನಲ್ಲಿ ಎಲ್ಲರ ಕಣ್ಣಿಗೂ ಬೀಳುವ ಹಕ್ಕಿ ಗೀಜಗ. ಎಲ್ಲರೂ ಕಂಡಿದ್ದರೂ ಇಷ್ಟು ತಾಳ್ಮೆಯಿಂದ ನೋಡಿದವರು ಇರಲಿಲ್ಲ. ಈ ಅಧ್ಯಯನ ಪ್ರಕಟವಾದ ಮೇಲೆ ಸಲೀಂ ಅಲಿಯವರ ಹೆಸರು ವಿದ್ವಾಂಸರ ವಲಯದಲ್ಲಿ ಹಬ್ಬಿತು.

ಅದೇ ಕಾಲದಲ್ಲಿ ಅವರ ಗಮನ ಹೂವಿಗೂ ಹಕ್ಕಿಗೂ ಇರುವ ಸಂಬಂಧದತ್ತ ಹರಿಯಿತು. 1932ರಲ್ಲಿ ಈ ವಿಷಯವಾಗಿ ಅವರ ಲೇಖನ ಪ್ರಕಟವಾಯಿತು. ಹೂವಿನ ಪರಾಗವನ್ನು ಜೇನು ದುಂಬಿಗಳು ಮಾತ್ರ ಸಾಗಿಸುತ್ತವೆ ಎಂಬುದು ಸಾಮಾನ್ಯ ತಿಳುವಳಿಕೆ. ಬೂರುಗ, ಮುತ್ತುಗ, ಹಾಲುವಾಣಗಳಂತಹ ಮರಗಳು ಎಲೆ ಉದುರಿಸಿ ಕೆಂಪು ಹೂಗಳನ್ನು ತಳೆದಾಗ ಅವುಗಳಿಗೆ ಮುತ್ತುವ ಹಕ್ಕಿಗಳು ಹಲವು. ಮಕರಂದಕ್ಕಾಗಿ ಹೂವಿನೊಳಗೆ ಕೊಕ್ಕು ಚಾಚಿದಾಗ ಹಣೆಗೂ ಕೊರಳಿಗೂ ಪರಾಗ ಮೆತ್ತುತ್ತದೆ. ಮುಂದಿನ ಹೂವಿಗೆ ಅದು ತಲುಪುತ್ತದೆ. ಮಲೆನಾಡಿನ ಕಿರುಗಿಳಿ ಇಂತಹ ಹೂಗಳ ಖಾಯಂ ಅತಿಥಿ. ಕೊಂಬೆಗೆ ಜೋತುಬಿದ್ದು, ತಲೆಕೆಳಗಾಗಿ ತೂಗುತ್ತ, ಹೂವಿನಿಂದ ಹೂವಿಗೆ ಅದು ಸಾಗುತ್ತದೆ. ಜೋಳದ ಹೊಲದಲ್ಲಿ ಗಿಳಿ ಕಳ್ಳನಾದರೆ, ಕಾಡಿನ ಮರಕ್ಕೆ ಅದರ ಬಂಧುವೇ ಉಪಕಾರಿ. ಹಕ್ಕಿಯನ್ನು ಒಂದೇ ಕಡೆಯಿಂದ ನೋಡಿ ತೀರ್ಪು ಕೊಡಬಾರದು. ಅದು ಮಾಡುವ ಹಾನಿಯನ್ನೂ ಸಲ್ಲಿಸುವ ಸೇವೆಯನ್ನೂ ಅಳೆದು ತೂಗಬೇಕು ಎಂಬುದು ಸಲೀಂ ಅಲಿಯವರ ಅಧ್ಯಯನಗಳಲ್ಲೆಲ್ಲ ಹರಿದ ವಿಚಾರ.

ಜೀವನೋಪಾಯಕ್ಕೆ ಅವರು ಕಂಡುಕೊಂಡ ದಾರಿಯೂ ಅಪೂರ್ವವಾದುದು. ಆಗ ದೇಶದಲ್ಲಿ ಅನೇಕ ಸಂಸ್ಥಾನಗಳಿದ್ದವು. ಅವುಗಳಲ್ಲಿ ಬಹುಪಾಲಿನ ಹಕ್ಕಿಗಳ ಸರಿಯಾದ ಗಣತಿ ಆಗಿರಲಿಲ್ಲ. ಶಿಬಿರದ ಖರ್ಚನ್ನು ವಹಿಸಿಕೊಂಡರೆ ಸಾಕು, ಸಂಬಳವಿಲ್ಲದೆ ಸಮೀಕ್ಷೆ ಮಾಡಿಕೊಡುವುದಾಗಿ ಅವರು ಮುಂದೆ ಬಂದರು. ಹೈದರಾಬಾದು, ತಿರುವಾಂಕೂರು, ಕೊಚ್ಚಿ ಮುಂತಾದ ಸಂಸ್ಥಾನಗಳಲ್ಲಿ ಹೀಗೆ ಸಮೀಕ್ಷೆಗಳು ನಡೆದವು. ಕಾಡಿನ ಅಂಚಿನಲ್ಲಿ ಬಿಡಾರ ಹೂಡಿ, ಬೆಳಗಾಗುವ ಮುನ್ನವೇ ಹೊರಟು, ಮಧ್ಯಾಹ್ನದ ಬಿಸಿಲಿನಲ್ಲಿ ಹಕ್ಕಿಗಳ ಚರ್ಮ ಸುಲಿದು ಒಣಗಿಸಿ, ಸಂಜೆ ದೀಪದ ಬೆಳಕಿನಲ್ಲಿ ದಿನಚರಿ ಬರೆಯುವುದು ನಿತ್ಯದ ಕ್ರಮವಾಗಿತ್ತು. ತೆಹಮೀನಾ ಈ ಶಿಬಿರಗಳಲ್ಲಿ ಜೊತೆಗಿದ್ದು ವ್ಯವಸ್ಥೆಯ ಭಾರವನ್ನು ಹೊತ್ತರು. ಅಧ್ಯಯನಕ್ಕಾಗಿ ಹಕ್ಕಿಗಳನ್ನು ಕೊಲ್ಲುವುದು ಅನಿವಾರ್ಯವೆಂದು ಸಲೀಂ ಅಲಿಯವರು ನಂಬಿದ್ದರು. ಆದರೆ ಕೊಂದ ಒಂದು ಹಕ್ಕಿಯೂ ವ್ಯರ್ಥವಾಗಬಾರದೆಂಬ ನಿಯಮ ಅವರದು. ಹಕ್ಕಿಯ ಜೊತೆಗೆ ಸ್ಥಳ, ದಿನಾಂಕ, ಅಳತೆ, ಹೊಟ್ಟೆಯೊಳಗಿನ ಆಹಾರದ ವಿವರಗಳೂ ಪುಸ್ತಕಕ್ಕೆ ಸೇರಬೇಕಾಗಿತ್ತು. ವಿವರವಿಲ್ಲದೆ ಹೊಡೆದ ಹಕ್ಕಿ ಅವರ ದೃಷ್ಟಿಯಲ್ಲಿ ಕೇವಲ ಕೊಲೆ.

1939ರಲ್ಲಿ ಅವರ ಬಾಳಿನ ಅತಿ ದೊಡ್ಡ ಆಘಾತ ಒದಗಿತು. ಸಣ್ಣದೊಂದು ಶಸ್ತ್ರಚಿಕಿತ್ಸೆಯ ತರುವಾಯ ತೆಹಮೀನಾ ತೀರಿಕೊಂಡರು. ಇಪ್ಪತ್ತು ವರ್ಷಗಳ ಸಂಗಾತಿಯನ್ನು ಕಳೆದುಕೊಂಡ ಸಲೀಂ ಅಲಿಯವರಿಗೆ ಆಗ ನಲವತ್ತೆರಡು ವರ್ಷ. ಮಕ್ಕಳಿರಲಿಲ್ಲ, ಮುಂದೆ ಅವರು ಮರುಮದುವೆಯಾಗಲೂ ಇಲ್ಲ. ಸಹೋದರಿಯ ಕುಟುಂಬ ಅವರಿಗೆ ಮನೆಯಾಯಿತು. ಆ ದುಃಖ ಆರುವ ಮೊದಲೇ, ಅದೇ ವರ್ಷದ ಕೊನೆಯಲ್ಲಿ, ಅವರು ಒಪ್ಪಿಕೊಂಡು ಕೈಗೊಂಡ ಕಾರ್ಯ ಮೈಸೂರು ಸಂಸ್ಥಾನದ ಪಕ್ಷಿಸಮೀಕ್ಷೆ. ಹಿಂದೆ ಇಬ್ಬರು ನಡೆದಿದ್ದ ಕಾಡುದಾರಿಯಲ್ಲಿ ಈಗ ಅವರು ಒಬ್ಬರೇ ನಡೆಯಬೇಕಾಗಿತ್ತು. ಕನ್ನಡ ನಾಡಿಗೆ ಸಲೀಂ ಅಲಿಯವರ ಮಹತ್ತ್ವದ ಕೊಡುಗೆ ಹೀಗೆ ವಿಯೋಗದ ನೆರಳಿನಲ್ಲಿ ಸಂದಿತು.

1939ರ ಕೊನೆಯಿಂದ 1940ರ ಆರಂಭದವರೆಗೆ ನಡೆದ ಈ ಸಮೀಕ್ಷೆ ಸಂಸ್ಥಾನದ ಒಣ ಬಯಲಿನಿಂದ ಮಲೆನಾಡಿನವರೆಗೆ ಹಬ್ಬಿತ್ತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದುದರಿಂದ ಸಮೀಕ್ಷೆಯ ಎಲ್ಲೆಯ ಹೊರಗೆ ಉಳಿದವು. ಆದರೆ ಎಲ್ಲೆಯ ಆಚೆಯೇ ಶಿವಮೊಗ್ಗೆಯ ಮಲೆನಾಡು. ಅಲ್ಲಿ ಹುಟ್ಟಿದ ವರದೆಯೂ ತುಂಗಭದ್ರೆಯೂ ಹಾವೇರಿ ಸೀಮೆಯ ಹೊಲಗಳಿಗೆ ಹರಿದು ಬರುವಂತೆ, ಅಲ್ಲಿಯ ಹಕ್ಕಿಗಳ ಕಥೆಯೂ ಈ ಸೀಮೆಗೆ ಹೊರಗಿನದಲ್ಲ. ಗಿಳಿಗಳನ್ನೇ ನೋಡಬಹುದು. ಬಯಲಿನ ಹೊಲಗಳಲ್ಲಿ ಕೊರಳಪಟ್ಟಿಯ ದೊಡ್ಡ ಗಿಳಿ. ಎಲೆಯುದುರುವ ಕಾಡಿನಲ್ಲಿ ಕೆಂದಲೆಯ ಗಿಳಿ. ಘಟ್ಟದ ನಿತ್ಯಹಸುರಿನ ಕಾಡಿನಲ್ಲಿ ನೀಲಿ ರೆಕ್ಕೆಯ ಗಿಳಿ. ಇದು ಪಶ್ಚಿಮ ಘಟ್ಟವನ್ನುಳಿದು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಇವೆಲ್ಲಕ್ಕಿಂತ ಕಿರಿದಾದದ್ದು ಜೋತು ಮಲಗುವ ಕಿರುಗಿಳಿ. ಮಳೆಯ ಪ್ರಮಾಣ ಏರಿದಂತೆ, ನೆಲ ಎತ್ತರವಾದಂತೆ, ಗಿಳಿಯ ಜಾತಿ ಬದಲಾಗುತ್ತ ಹೋಗುತ್ತದೆ. ಯಾವ ಹಕ್ಕಿ ಯಾವ ಬಗೆಯ ಕಾಡಿನಲ್ಲಿದೆ ಎಂಬುದನ್ನು ಹೀಗೆ ನೆಲದೊಡನೆ ಸೇರಿಸಿ ನೋಡುವುದು ಸಲೀಂ ಅಲಿಯವರ ಕ್ರಮವಾಗಿತ್ತು. ಮೈಸೂರಿನ ಹಕ್ಕಿಗಳನ್ನು ಕುರಿತ ಅವರ ವರದಿ 1942 ಮತ್ತು 1943ರಲ್ಲಿ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಕಂತುಗಳಾಗಿ ಪ್ರಕಟವಾಯಿತು.

ಈ ಓಡಾಟದ ಮತ್ತೊಂದು ಫಲ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು. ಕಾವೇರಿಯ ನಡುಗಡ್ಡೆಗಳಲ್ಲಿ ಬೆಳ್ಳಕ್ಕಿ, ಕೊಕ್ಕರೆ, ನೀರುಕಾಗೆಗಳು ಗೂಡು ಕಟ್ಟುವುದನ್ನು ಗಮನಿಸಿದ ಸಲೀಂ ಅಲಿಯವರು, ಅವುಗಳಿಗೆ ರಕ್ಷಣೆ ದೊರೆಯಬೇಕೆಂದು ಮೈಸೂರಿನ ಅರಸರ ಮನವೊಲಿಸಿದರು. 1940ರಲ್ಲಿ ಅದು ಪಕ್ಷಿಧಾಮವಾಯಿತು. ಇಂದು ಶಾಲಾಮಕ್ಕಳು ದೋಣಿಯಲ್ಲಿ ಕುಳಿತು ಹಕ್ಕಿಗಳನ್ನು ನೋಡಿ ಹರ್ಷಿಸುವ ಆ ತಾಣದ ಹಿಂದೆ, ನೋವನ್ನು ಕೆಲಸದಲ್ಲಿ ಕರಗಿಸಿಕೊಂಡ ಒಬ್ಬ ವ್ಯಕ್ತಿಯ ಕಾಳಜಿಯಿದೆ.

ಸಲೀಂ ಅಲಿಯವರನ್ನು ಬಹುಕಾಲ ಕಾಡಿದ ಒಂದು ಸಮಸ್ಯೆಗೂ ಕಿರುಗಿಳಿಯಂತಹ ಹಕ್ಕಿಗಳಿಗೂ ನಂಟಿದೆ. ಈ ಗಿಳಿ ಪಶ್ಚಿಮ ಘಟ್ಟದಲ್ಲಿದೆ. ಪೂರ್ವ ಹಿಮಾಲಯದ ತಪ್ಪಲಿನಲ್ಲಿಯೂ ಅಸ್ಸಾಮು, ಬರ್ಮಾಗಳಲ್ಲಿಯೂ ಇದೆ. ನಡುವಿನ ವಿಶಾಲವಾದ ಒಣನಾಡಿನಲ್ಲಿ ಬಹುಮಟ್ಟಿಗೆ ಇಲ್ಲ. ತೇವದ ಕಾಡನ್ನು ಬಿಟ್ಟು ಬಾಳಲಾರದ ಇಂತಹ ಜೀವಿಗಳು ಒಂದರಿಂದ ಮತ್ತೊಂದಕ್ಕೆ ಇಷ್ಟು ದೂರದಲ್ಲಿರುವ ಎರಡು ನೆಲೆಗಳಿಗೆ ಹೇಗೆ ಸೇರಿದವು? ಮೀನುಗಳ ಅಧ್ಯಯನ ಮಾಡಿದ ಸುಂದರಲಾಲ್ ಹೋರಾ ಎಂಬ ವಿಜ್ಞಾನಿ, ಬಹು ಹಿಂದಿನ ಕಾಲದಲ್ಲಿ ಸಾತ್ಪುರ ಬೆಟ್ಟಸಾಲು ಇವೆರಡನ್ನೂ ಬೆಸೆದ ತಂಪಾದ ದಾರಿಯಾಗಿದ್ದಿರಬೇಕು ಎಂದು ಊಹಿಸಿದ್ದರು. ಹಕ್ಕಿಗಳ ವಿಷಯದಲ್ಲಿ ಆ ಊಹೆ ಎಷ್ಟು ಸಲ್ಲುತ್ತದೆಂದು ಸಲೀಂ ಅಲಿಯವರು 1949ರಲ್ಲಿ ಪರಿಶೀಲಿಸಿ ಬರೆದರು. ವಿದ್ವಾಂಸರಲ್ಲಿ ಈ ಚರ್ಚೆ ಇಂದಿಗೂ ಮುಗಿದಿಲ್ಲ. ಅಂಗೈಯಲ್ಲಿ ಅಡಗುವ ಒಂದು ಹಕ್ಕಿಯ ನೆಲೆಯನ್ನು ಸರಿಯಾಗಿ ಗುರುತಿಸಿದರೆ, ಅದು ದೇಶದ ಬೆಟ್ಟಕಾಡುಗಳ ಪ್ರಾಚೀನ ಚರಿತ್ರೆಯನ್ನೇ ತೆರೆದು ತೋರಿಸಬಲ್ಲುದು.

ಇಷ್ಟೆಲ್ಲ ಜ್ಞಾನ ಪಂಡಿತರ ಪತ್ರಿಕೆಗಳಲ್ಲಿ ಹುದುಗಿದ್ದರೆ ಸಾಲದು, ಅದು ಸಾಮಾನ್ಯರ ಕೈಗೆ ಎಟುಕಬೇಕು ಎಂಬುದು ಅವರ ಹಂಬಲವಾಗಿತ್ತು. 1941ರಲ್ಲಿ ಹೊರಬಂದ ಭಾರತೀಯ ಪಕ್ಷಿಗಳ ಕುರಿತ ಅವರ ಸಚಿತ್ರ ಗ್ರಂಥ ಈ ಹಂಬಲದ ಫಲ. ಬಣ್ಣದ ಚಿತ್ರಗಳೂ ತಿಳಿಯಾದ ವಿವರಣೆಗಳೂ ಇದ್ದ ಆ ಪುಸ್ತಕ ಹತ್ತಾರು ಸಲ ಮರುಮುದ್ರಣಗೊಂಡು ಸಾವಿರಾರು ಜನರನ್ನು ಪಕ್ಷಿವೀಕ್ಷಣೆಯ ಕಡೆಗೆ ಸೆಳೆಯಿತು. ಅನಂತರ ಅಮೆರಿಕದ ಡಿಲನ್ ರಿಪ್ಲಿ ಎಂಬ ವಿದ್ವಾಂಸರೊಡನೆ ಸೇರಿ, ಭಾರತ, ಪಾಕಿಸ್ತಾನ ಮತ್ತು ನೆರೆಯ ದೇಶಗಳ ಹಕ್ಕಿಗಳೆಲ್ಲವನ್ನೂ ವಿವರಿಸುವ ಮಹಾಗ್ರಂಥವನ್ನು ರಚಿಸಿದರು. ಅದರ ಹತ್ತು ಸಂಪುಟಗಳು 1968ರಿಂದ 1974ರವರೆಗೆ ಪ್ರಕಟವಾದವು. 1969ರಲ್ಲಿ ಬಂದ ಮೂರನೆಯ ಸಂಪುಟದಲ್ಲಿ ಗಿಳಿಗಳ ವೃತ್ತಾಂತವಿದೆ. ಖೇತವಾಡಿಯ ಹುಡುಗನಿಗೆ ಹೆಸರು ತಿಳಿಯದ ಒಂದು ಗುಬ್ಬಿಯಿಂದ ಆರಂಭವಾದ ಅನ್ವೇಷಣೆ, ಸಾವಿರಕ್ಕೂ ಮಿಕ್ಕ ಹಕ್ಕಿಗಳ ಸಮಗ್ರ ವಿವರಣೆಯಲ್ಲಿ ಸಾರ್ಥಕವಾಯಿತು.

ಸ್ವಾತಂತ್ರ್ಯ ಬಂದ ಮೇಲೆ ಸಲೀಂ ಅಲಿಯವರ ಕಾರ್ಯಕ್ಕೆ ಹೊಸ ಮುಖ ಕೂಡಿಕೊಂಡಿತು. ಆರ್ಥಿಕ ಮುಗ್ಗಟ್ಟಿಗೆ ಸಿಲುಕಿದ್ದ ನಿಸರ್ಗ ಇತಿಹಾಸ ಸಂಘವನ್ನು ಉಳಿಸಲು ಅವರು ಪ್ರಧಾನಿ ನೆಹರೂ ಅವರ ನೆರವನ್ನು ಪಡೆದರು. ರಾಜರ ಬಾತುಕೋಳಿ ಬೇಟೆಯ ತಾಣವಾಗಿದ್ದ ರಾಜಸ್ಥಾನದ ಭರತಪುರ ಪಕ್ಷಿಗಳ ಆಶ್ರಯವಾಗಿ ಉಳಿದುದರಲ್ಲಿ ಅವರ ಶ್ರಮವಿದೆ. ರಾಷ್ಟ್ರಪಕ್ಷಿಯನ್ನು ಆಯ್ಕೆಮಾಡುವ ವಿಚಾರ ಬಂದಾಗ, ಅವರು ಒಣ ಹುಲ್ಲುಗಾವಲಿನ ಎರ್ಲಡ್ಡು ಎಂಬ ಭಾರಿ ಗಾತ್ರದ ಹಕ್ಕಿಯ ಪರವಾಗಿ ವಾದಿಸಿದರು. ಆ ಹಕ್ಕಿ ಅಳಿವಿನತ್ತ ಸಾಗುತ್ತಿದೆ, ರಾಷ್ಟ್ರದ ಗೌರವ ದೊರೆತರೆ ಉಳಿದೀತು ಎಂಬುದು ಅವರ ಎಣಿಕೆ. 1963ರಲ್ಲಿ ಆ ಗೌರವ ನವಿಲಿಗೆ ಸಂದಿತು.

ಆ ವಾದದ ಸತ್ಯ ಹಾವೇರಿ ಜಿಲ್ಲೆಯಲ್ಲಿಯೇ ಕಣ್ಣಿಗೆ ಕಾಣುತ್ತದೆ. ಬಂಕಾಪುರದ ಕೋಟೆಯ ಆವರಣದಲ್ಲಿ ನವಿಲುಗಳು ಇಂದಿಗೂ ಸುಖವಾಗಿವೆ. ರಾಣೆಬೆನ್ನೂರಿನ ಬಳಿ 1974ರಲ್ಲಿ ಕೃಷ್ಣಮೃಗಗಳಿಗಾಗಿ 119 ಚದರ ಕಿಲೋಮೀಟರಿನ ಅಭಯಾರಣ್ಯ ಏರ್ಪಟ್ಟಿತು; ಅಲ್ಲಿ ಕೃಷ್ಣಮೃಗಗಳೂ ಉಳಿದಿವೆ. ಆದರೆ ಒಮ್ಮೆ ಅದೇ ಬಯಲಿನಲ್ಲಿ ನಡೆದಾಡುತ್ತಿದ್ದ ಎರ್ಲಡ್ಡು ಈಗ ಅಲ್ಲಿ ಕಾಣುವುದಿಲ್ಲ. ಬೇಟೆ ಅದನ್ನು ಕುಗ್ಗಿಸಿತು. ಹುಲ್ಲುಗಾವಲು ಉಳುಮೆಗೆ ಸಿಕ್ಕಿತು, ನೀಲಗಿರಿಯ ನೆಡುತೋಪಾಯಿತು; ಬಟ್ಟಬಯಲನ್ನು ಬಯಸುವ ಹಕ್ಕಿಗೆ ನೆಲೆ ಇಲ್ಲವಾಯಿತು. ಮರ ನೆಟ್ಟರೆ ಎಲ್ಲ ಜೀವಿಗಳಿಗೂ ಒಳಿತೆಂದು ಜನ ನಂಬುತ್ತಾರೆ. ಕಿರುಗಿಳಿಗೆ ಮರವೇ ಜೀವ. ಎರ್ಲಡ್ಡುವಿಗೆ ಮರವಿಲ್ಲದ ಹುಲ್ಲುನೆಲವೇ ಜೀವ. ಯಾವ ಹಕ್ಕಿಗೆ ಏನು ಬೇಕು ಎಂಬುದನ್ನು ಮೊದಲು ಅರಿಯದಿದ್ದರೆ, ಸದುದ್ದೇಶದಿಂದ ಮಾಡಿದ ಕೆಲಸವೂ ಹಾನಿಯಾಗಬಹುದು. ಇಂದು ಇಡೀ ಜಗತ್ತಿನಲ್ಲಿ ಉಳಿದಿರುವ ಎರ್ಲಡ್ಡುಗಳ ಸಂಖ್ಯೆ ಇನ್ನೂರಕ್ಕಿಂತ ಕಡಿಮೆ ಎಂದು ಅಂದಾಜು.

ಸಲೀಂ ಅಲಿಯವರು ಸ್ವಭಾವತಃ ಸರಳರು, ಮಿತಭೋಗಿಗಳು. ಮೋಟಾರು ಸೈಕಲಿನ ಮೇಲೆ ಮಾತ್ರ ಅವರಿಗೆ ಅಪಾರವಾದ ಮೋಹ. 1950ರಲ್ಲಿ ಸ್ವೀಡನ್ನಿನ ಅಂತರರಾಷ್ಟ್ರೀಯ ಪಕ್ಷಿಶಾಸ್ತ್ರ ಸಮ್ಮೇಳನಕ್ಕೆ ಹೋಗುವಾಗ ತಮ್ಮ ಮೋಟಾರು ಸೈಕಲನ್ನು ಹಡಗಿನಲ್ಲಿ ಯುರೋಪಿಗೆ ಸಾಗಿಸಿ, ಅದರ ಮೇಲೆಯೇ ಸವಾರಿ ಮಾಡುತ್ತ ತಲುಪಿದರು. ಸರಕಾರ 1958ರಲ್ಲಿ ಪದ್ಮಭೂಷಣವನ್ನೂ 1976ರಲ್ಲಿ ಪದ್ಮವಿಭೂಷಣವನ್ನೂ ನೀಡಿ ಗೌರವಿಸಿತು. ವನ್ಯಜೀವಿ ರಕ್ಷಣೆಗಾಗಿ ದೊರೆತ 50,000 ಡಾಲರುಗಳ ಅಂತರರಾಷ್ಟ್ರೀಯ ಬಹುಮಾನವನ್ನು ಅವರು ತಮಗಾಗಿ ಇಟ್ಟುಕೊಳ್ಳದೆ ನಿಸರ್ಗ ರಕ್ಷಣೆಯ ನಿಧಿಗೆ ಕೊಟ್ಟರು. ಪದವಿಯಿಲ್ಲವೆಂಬ ಕಾರಣಕ್ಕೆ ಒಮ್ಮೆ ಕೆಲಸ ಸಿಗದವರಿಗೆ ಹಲವು ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟ್ ನೀಡಿದವು. ಎಂಬತ್ತು ದಾಟಿದ ಮೇಲೆಯೂ ಕೇರಳದ ಮೌನ ಕಣಿವೆಯ ಮಳೆಕಾಡನ್ನು ಜಲವಿದ್ಯುತ್ ಯೋಜನೆಯಿಂದ ಉಳಿಸುವ ಪ್ರಯತ್ನದಲ್ಲಿ ಅವರು ದನಿಗೂಡಿಸಿದರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಅದೇ ವರ್ಷ ಪ್ರಕಟವಾದ ಆತ್ಮಕಥೆಗೆ ಅವರು ಆರಿಸಿಕೊಂಡುದು ಗುಬ್ಬಿಯೊಂದು ಕೆಳಗೆ ಬಿದ್ದುದನ್ನು ಸೂಚಿಸುವ ಹೆಸರನ್ನು. ತಮ್ಮ ಬಾಳಿನ ದಿಕ್ಕನ್ನು ಬದಲಿಸಿದ ಹಕ್ಕಿಯ ಋಣವನ್ನು ಅವರು ಮರೆತಿರಲಿಲ್ಲ. 1987ರಲ್ಲಿ, ತೊಂಬತ್ತರ ಇಳಿವಯಸ್ಸಿನಲ್ಲಿ, ಅವರು ಮುಂಬಯಿಯಲ್ಲಿ ಕೊನೆಯುಸಿರೆಳೆದರು. ಅವರ ಹೆಸರಿನ ಪಕ್ಷಿಶಾಸ್ತ್ರ ಕೇಂದ್ರವೊಂದು 1990ರಲ್ಲಿ ಕೊಯಮತ್ತೂರಿನಲ್ಲಿ ಸ್ಥಾಪನೆಯಾಯಿತು.

ಬ್ಯಾಡಗಿಯ ಮೆಣಸಿನ ಖಾರ ಗಿಳಿಗೆ ತಟ್ಟದಿರುವುದಕ್ಕೆ ವಿಜ್ಞಾನ ಈಗ ಕಾರಣವನ್ನು ಕಂಡುಹಿಡಿದಿದೆ. ಮನುಷ್ಯನ ಮತ್ತು ಇತರ ಸಸ್ತನಿಗಳ ನರಗಳನ್ನು ಉರಿಸುವ ಮೆಣಸಿನ ಸತ್ತ್ವವನ್ನು ಹಕ್ಕಿಗಳ ನರಗಳು ಗ್ರಹಿಸುವುದಿಲ್ಲ. ಬಾಲ್ಯದಿಂದ ಕಂಡ ಹಕ್ಕಿಯಲ್ಲಿಯೂ ಕಾಣದ ರಹಸ್ಯಗಳು ಹೀಗೆ ಅಡಗಿರುತ್ತವೆ. ನಮ್ಮ ದೇಶದ ಗಿಳಿಗಳನ್ನು ಹಿಡಿಯುವುದೂ ಮಾರುವುದೂ ಪಂಜರದಲ್ಲಿಡುವುದೂ ಇಂದು ಕಾನೂನಿನ ಪ್ರಕಾರ ಅಪರಾಧ. ಆದರೆ ಕಾನೂನು ಪಂಜರದ ಬಾಗಿಲನ್ನು ಮಾತ್ರ ತೆರೆಯಬಲ್ಲುದು. ಹೊರಗೆ ಬಂದ ಹಕ್ಕಿಗೆ ಪೊಟರೆಯುಳ್ಳ ಮುದಿಮರವನ್ನೂ ಹೂಬಿಡುವ ಹಾಲುವಾಣವನ್ನೂ ಉಳಿಸಿಕೊಡುವುದು ಅದರ ಬಾಳನ್ನು ಬಲ್ಲ ಜನರ ಕೆಲಸ.

ಸಲೀಂ ಅಲಿಯವರ ಬಳಿ ಸಂಪತ್ತಾಗಲಿ ಅಧಿಕಾರವಾಗಲಿ ಇರಲಿಲ್ಲ. ಇದ್ದುದು ದುರ್ಬೀನು, ದಿನಚರಿಯ ಪುಸ್ತಕ ಮತ್ತು ಬೇಸರವಿಲ್ಲದ ಕಣ್ಣು. ಶಾಲೆಗೆ ಹೋಗುವ ದಾರಿಯಲ್ಲಿ ಗೀಜಗನ ಗೂಡನ್ನೋ ತೆನೆಯ ಮೇಲಿನ ಗಿಳಿಯನ್ನೋ ಕಂಡಾಗ, ಕಲ್ಲಿಗೆ ಕೈಚಾಚದೆ ಒಂದು ಗಳಿಗೆ ನಿಂತು ನೋಡಿ, ಕಂಡುದನ್ನು ಕಂಡಂತೆ ಬರೆದಿಡುವ ಹುಡುಗ ಹುಡುಗಿಯರು ಆ ಹಿರಿಯರ ದಾರಿಯಲ್ಲಿಯೇ ಮೊದಲ ಹೆಜ್ಜೆಯನ್ನು ಇಟ್ಟವರಾಗುತ್ತಾರೆ.